ಓಟಕ್ಕೆ ತಕ್ಕ ಊಟ

ಮಕ್ಕಳೇ, ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಹತ್ತಿರ ಬಂದರೆ ಶಾಲೆಗಳಲ್ಲಿ ಆಟೋಟಗಳ ಸಂಭ್ರಮ. ಬಯಲಿನಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ. ಗುರುಗಳು ಸೀಟಿ ಊದಿದೊಡನೆ ಎಲ್ಲರೂ ಓಡುತ್ತಾರೆ. ಗೆದ್ದವರು ಮುಂದೆ ಮಂಡಲ ಮಟ್ಟದ ಪಂದ್ಯಕ್ಕೂ ಹೋಗುತ್ತಾರೆ.

ಈ ದಿನಗಳಲ್ಲಿ ಕೆಲವು ಮಕ್ಕಳು ಒಂದು ಉಪಾಯ ಹೂಡುತ್ತಾರೆ. "ಹೊಟ್ಟೆ ಖಾಲಿಯಿದ್ದರೆ ಮೈ ಹಗುರ, ಮೈ ಹಗುರವಾದರೆ ಓಟ ಜೋರು" ಎಂದುಕೊಂಡು ಬೆಳಗಿನ ತಿಂಡಿಯನ್ನು ಬಿಡುತ್ತಾರೆ. ಸ್ವಲ್ಪ ದಪ್ಪಗಿರುವ ಹುಡುಗನೋ ಹುಡುಗಿಯೋ ಆದರೆ ರಾತ್ರಿಯ ಮುದ್ದೆಯನ್ನೂ ಬಿಡುವುದುಂಟು. ಗೆಳೆಯರು "ಗುಂಡ" ಎಂದು ಕೂಗಿದ ಮಾತು ಮನಸ್ಸಿನಲ್ಲಿ ಚುಚ್ಚುತ್ತಿರುತ್ತದೆ. ಈ ಉಪಾಯ ಸರಿಯೇ? ಉಪವಾಸವಿದ್ದರೆ ವೇಗವಾಗಿ ಓಡಬಹುದೇ?

ಮೊದಲು ನಮ್ಮ ದೇಹ ಹೇಗೆ ಓಡುತ್ತದೆ ಎಂದು ತಿಳಿಯೋಣ. ನಾವು ತಿನ್ನುವ ಮುದ್ದೆ, ಅನ್ನ, ರೊಟ್ಟಿಗಳಲ್ಲಿ ಪಿಷ್ಟವಿದೆ. ಅದು ಬಾಯಿ ಮತ್ತು ಕರುಳಿನಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ಗ್ಲೂಕೋಸ್ ರಕ್ತದಲ್ಲಿ ಸೇರಿ ಮೈಯೆಲ್ಲ ಹರಿಯುತ್ತದೆ. ಕೂಡಲೇ ಖರ್ಚಾಗದೆ ಉಳಿದ ಗ್ಲೂಕೋಸನ್ನು ದೇಹವು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ರೈತರು ಸುಗ್ಗಿಯ ಧಾನ್ಯವನ್ನು ಕಣಜದಲ್ಲಿ ತುಂಬಿಡುತ್ತಾರಲ್ಲವೇ? ಹಾಗೆಯೇ ದೇಹದಲ್ಲೂ ಎರಡು ಕಣಜಗಳಿವೆ. ಒಂದು ಯಕೃತ್ತು, ಇನ್ನೊಂದು ಮಾಂಸಖಂಡಗಳು.

ಮಾಂಸಖಂಡದ ಕಣಜ ಆಯಾ ಮಾಂಸಖಂಡದ ಕೆಲಸಕ್ಕೆ ಮಾತ್ರ. ಯಕೃತ್ತಿನ ಕಣಜ ಹಾಗಲ್ಲ. ಅದು ಊರಿಗೆಲ್ಲ ಧಾನ್ಯ ಕೊಡುವ ದೊಡ್ಡ ಮನೆಯ ಕಣಜದಂತೆ. ನೀವು ನಿದ್ದೆ ಮಾಡುತ್ತಿರುವಾಗಲೂ ಮೆದುಳು ಕೆಲಸ ಮಾಡುತ್ತದೆ, ಹೃದಯ ಬಡಿಯುತ್ತದೆ. ಮೆದುಳಿಗೆ ರಾತ್ರಿಯೆಲ್ಲ ಗ್ಲೂಕೋಸ್ ಒದಗಿಸುವುದು ಈ ಯಕೃತ್ತು. ಆದ್ದರಿಂದ ಬೆಳಗ್ಗೆ ಏಳುವ ಹೊತ್ತಿಗೆ ಆ ಕಣಜದಲ್ಲಿ ಬಹಳಷ್ಟು ಖಾಲಿಯಾಗಿರುತ್ತದೆ. ತಿಂಡಿ ತಿಂದರೆ ಮತ್ತೆ ತುಂಬುತ್ತದೆ. ತಿನ್ನದೆ ಬಿಸಿಲಿನಲ್ಲಿ ನಿಂತು, ಸಾಲು ಕಟ್ಟಿ, ಆಮೇಲೆ ಜೋರಾಗಿ ಓಡಿದರೆ ಏನಾಗುತ್ತದೆ? ಕಾಲು ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಕೆಲವರು ಬವಳಿ ಬಂದು ಬೀಳುತ್ತಾರೆ. ಮೈ ಹಗುರವಾಯಿತು ನಿಜ, ಆದರೆ ಓಡುವ ಶಕ್ತಿಯೂ ಹೋಯಿತು!

"ಮೈಯಲ್ಲಿ ಕೊಬ್ಬು ಇದೆಯಲ್ಲ, ಅದು ಕರಗುವುದಿಲ್ಲವೇ?" ಎಂದು ನೀವು ಕೇಳಬಹುದು. ಕರಗುತ್ತದೆ. ಆದರೆ ಕೊಬ್ಬು ದಪ್ಪ ಸೌದೆಯಂತೆ ನಿಧಾನವಾಗಿ ಉರಿಯುತ್ತದೆ. ನಡೆಯುವಾಗ, ಮೆಲ್ಲನೆ ಬಹಳ ದೂರ ಓಡುವಾಗ ಅದು ಕೆಲಸಕ್ಕೆ ಬರುತ್ತದೆ. ವೇಗವಾದ ಓಟಕ್ಕೆ ಪುಳ್ಳೆಯಂತೆ ತಟ್ಟನೆ ಹೊತ್ತಿಕೊಳ್ಳುವ ಗ್ಲೂಕೋಸೇ ಬೇಕು. ಇನ್ನೊಂದು ವಿಷಯವೂ ಇದೆ. ಹಲವು ದಿನ ಊಟ ಬಿಟ್ಟರೆ ದೇಹವು ಕೊಬ್ಬನ್ನು ಮಾತ್ರವಲ್ಲ, ಮಾಂಸಖಂಡವನ್ನೂ ಕರಗಿಸುತ್ತದೆ. ಓಡಬೇಕಾದ ಕಾಲೇ ಸೊರಗುತ್ತದೆ. ಎರಡು ದಿನ ಉಪವಾಸವಿದ್ದು ತಕ್ಕಡಿಯ ಮೇಲೆ ನಿಂತರೆ ತೂಕ ಇಳಿದಂತೆ ಕಾಣುತ್ತದೆ. ಅದರಲ್ಲಿ ಹೆಚ್ಚಿನದು ನೀರು. ಊಟ ಮಾಡಿದೊಡನೆ ಆ ತೂಕ ಹಿಂದಿರುಗುತ್ತದೆ.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತು ಮುಖ್ಯ. ನೀವು ಬೆಳೆಯುತ್ತಿದ್ದೀರಿ. ಐದರಿಂದ ಹತ್ತು ವರ್ಷದವರೆಗೆ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರವಾಗುತ್ತಾರೆ. ಮೂಳೆ, ಮಾಂಸ, ರಕ್ತ ಎಲ್ಲವೂ ಹೊಸದಾಗಿ ಆಗಬೇಕು. ಆದ್ದರಿಂದ ದಪ್ಪಗಿರುವ ಮಗು ಸಾಮಾನ್ಯವಾಗಿ ತೂಕ ಇಳಿಸಬೇಕಾಗಿಲ್ಲ. ಒಳ್ಳೆಯದನ್ನು ತಿಂದು, ಚೆನ್ನಾಗಿ ಆಡುತ್ತಿದ್ದರೆ ಎತ್ತರ ಬೆಳೆದಂತೆ ತೂಕವೂ ಎತ್ತರಕ್ಕೆ ತಕ್ಕಂತಾಗುತ್ತದೆ. ತೂಕ ತೀರ ಹೆಚ್ಚು ಎನಿಸಿದರೆ ಆರೋಗ್ಯ ಕೇಂದ್ರದ ವೈದ್ಯರು ನೋಡಿ ಹೇಳಬೇಕೇ ಹೊರತು ಜೊತೆಯ ಹುಡುಗರಲ್ಲ.

ಹಾಗಾದರೆ ಓಡುವವರು ಏನು ತಿನ್ನಬೇಕು? ಇದಕ್ಕಾಗಿ ದೂರದ ಪೇಟೆಯಿಂದ ಡಬ್ಬಿಯ ಪುಡಿ ತರಬೇಕಾಗಿಲ್ಲ. ಹಿಂದೂಪುರ, ಕಲ್ಯಾಣದುರ್ಗ ಎರಡೂ ಮೊದಲು ಅನಂತಪುರ ಜಿಲ್ಲೆಯಲ್ಲಿದ್ದವು. 2022ರಲ್ಲಿ ಹೊಸ ಜಿಲ್ಲೆಗಳಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ನೆಲ ಒಂದೇ, ಊಟವೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಮಳೆ ಬಹಳ ಕಡಿಮೆ. ಕಡಿಮೆ ನೀರಿನಲ್ಲಿ ಬೆಳೆಯುವ ರಾಗಿ, ಜೋಳ, ಸಜ್ಜೆ, ನವಣೆ, ಹುರುಳಿ, ತೊಗರಿ, ಕಡಲೆಕಾಯಿಗಳೇ ನಮ್ಮ ಹಿರಿಯರ ಆಹಾರ. ಓಟಗಾರನಿಗೂ ಇವೇ ಬೇಕು.

ರಾಗಿಯನ್ನೇ ನೋಡಿರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿರುವುದು ಹತ್ತು ಮಿಲಿಗ್ರಾಂ ಕೂಡ ಇಲ್ಲವೆನ್ನಬಹುದು. ಗಟ್ಟಿ ಮೂಳೆಗೆ ಕ್ಯಾಲ್ಸಿಯಂ ಬೇಕು. ರಾಗಿ ಮುದ್ದೆ ನಿಧಾನವಾಗಿ ಜೀರ್ಣವಾಗುವುದರಿಂದ ಬೇಗ ಹಸಿವಾಗುವುದಿಲ್ಲ. ಆಂಧ್ರಪ್ರದೇಶದ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟದ ಯೋಜನೆಗೆ 2020ರಲ್ಲಿ ಕಡಲೆಕಾಯಿ ಚಿಕ್ಕಿಯೂ 2023ರ ಮಾರ್ಚ್‌ನಲ್ಲಿ ರಾಗಿ ಗಂಜಿಯೂ ಸೇರಿದ್ದಕ್ಕೆ ಇಂಥ ಕಾರಣಗಳೇ ಇವೆ. ತೆಲುಗಿನಲ್ಲಿ ಈ ಗಂಜಿಗೆ ರಾಗಿ ಜಾವ ಎನ್ನುತ್ತಾರೆ.

ಮುದ್ದೆಯ ಜೊತೆಗೆ ಕಾಳಿನ ಸಾರು ಅಥವಾ ಸೊಪ್ಪಿನ ಸಾರು ಇರಬೇಕು. ಓಡುವಾಗ ದಣಿದ ಮಾಂಸಖಂಡ ಸರಿಹೋಗಲು ಪ್ರೋಟೀನ್ ಬೇಕು. ಅದು ಹುರುಳಿ, ಅಲಸಂದೆ, ತೊಗರಿಗಳಲ್ಲಿದೆ, ಹಾಲು, ಮೊಟ್ಟೆಯಲ್ಲಿದೆ. ನೂರು ಗ್ರಾಂ ಕಡಲೆಬೀಜದಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಆದರೆ ಕಡಲೆಬೀಜದಲ್ಲಿ ಎಣ್ಣೆಯೂ ಬಹಳ. ಒಂದು ಹಿಡಿ ಸಾಕು. ಮಡಿಲು ತುಂಬ ಬೇಡ.

ಮುದ್ದೆ ತಿಂದು ಓಡಿ ಗೆದ್ದವರು ಇದ್ದಾರೆಯೇ ಎಂದರೆ ಆಫ್ರಿಕಾದ ಕೆನ್ಯಾ ದೇಶವನ್ನು ನೋಡಬೇಕು. ಅಲ್ಲಿಯವರ ಮುಖ್ಯ ಆಹಾರ ಉಗಾಲಿ. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಕೋಲಿನಿಂದ ತಿರುವಿ ಮಾಡುವ ಗಟ್ಟಿ ಮುದ್ದೆ ಅದು! ಅದನ್ನು ಬೇಯಿಸಿದ ಸೊಪ್ಪು, ಕಾಳುಗಳ ಜೊತೆ ತಿನ್ನುತ್ತಾರೆ. ಆ ದೇಶದ ಎಲಿಯುಡ್ ಕಿಪ್ಚೋಗೆ ಎಂಬ ಓಟಗಾರ 2019ರಲ್ಲಿ ವಿಯೆನ್ನಾ ನಗರದಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಓಡಿದರು. ಎರಡು ಗಂಟೆಯೊಳಗೆ ಆ ದೂರ ಮುಗಿಸಿದ ಮೊದಲ ಮನುಷ್ಯ ಅವರೇ. ಮ್ಯಾರಥಾನ್ ಎಂದರೆ 42 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಹಿಂದೂಪುರದಿಂದ ಲೇಪಾಕ್ಷಿಗೆ ಹೋಗಿ, ಹಿಂದಿರುಗಿ, ಮತ್ತೊಮ್ಮೆ ಲೇಪಾಕ್ಷಿಯ ಹತ್ತಿರಕ್ಕೆ ಹೋದಷ್ಟು ದೂರ. ಕಿಪ್ಚೋಗೆ ಬಹಳ ತೆಳ್ಳಗಿದ್ದಾರೆ. ಆದರೆ ಆ ತೆಳ್ಳನೆಯ ಮೈ ಉಪವಾಸದಿಂದ ಬಂದದ್ದಲ್ಲ. ಹೊಟ್ಟೆ ತುಂಬ ಉಗಾಲಿ ತಿಂದು, ವರ್ಷಗಟ್ಟಲೆ ಓಡಿ ಬಂದದ್ದು.

ದೊಡ್ಡವರ ಮಾತು ಸ್ವಲ್ಪ ಬೇರೆ. ಪೊಲೀಸ್ ಕೆಲಸಕ್ಕೆ, ಸೈನ್ಯಕ್ಕೆ ಸೇರಬೇಕೆನ್ನುವ ಅಣ್ಣಂದಿರು ಬೆಳಗಿನ ಜಾವ ಓಡುವುದನ್ನು ನೀವು ಕಂಡಿರಬಹುದು. ಆ ಆಯ್ಕೆಗಳಲ್ಲಿ 1600 ಮೀಟರ್ ಓಟದ ಪರೀಕ್ಷೆ ಇರುತ್ತದೆ. ಅವರಲ್ಲಿ ಕೆಲವರಿಗೆ ತೂಕವೂ ಇಳಿಯಬೇಕು, ಓಟವೂ ಚುರುಕಾಗಬೇಕು. ಇಲ್ಲೇ ತೊಡಕು. ತೂಕ ಇಳಿಯಲು ಊಟ ಕಡಿಮೆಯಾಗಬೇಕು. ಓಟ ಚುರುಕಾಗಲು ಊಟ ಸಾಕಷ್ಟು ಇರಬೇಕು. ಎರಡನ್ನೂ ಒಂದೇ ತಿಂಗಳಲ್ಲಿ ಸಾಧಿಸಲು ಹೊರಟವರು ಹಲವೊಮ್ಮೆ ಎರಡರಲ್ಲೂ ಸೋಲುತ್ತಾರೆ. ಪರೀಕ್ಷೆಗೆ ಹಲವು ತಿಂಗಳು ಮೊದಲೇ ತೂಕವನ್ನು ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚಾಗದಂತೆ ಮೆಲ್ಲನೆ ಇಳಿಸಬೇಕು. ಪರೀಕ್ಷೆ ಹತ್ತಿರವಾದಾಗ ಹೊಟ್ಟೆ ತುಂಬ ಉಂಡು ಓಟದ ಕಡೆಗೆ ಮಾತ್ರ ಗಮನ ಕೊಡಬೇಕು.

ಓಡುವುದರಿಂದಲೇ ತೂಕ ಇಳಿಯುತ್ತದೆ ಎಂದು ನಂಬಿದವರೂ ಇದ್ದಾರೆ. ಒಂದು ಲೆಕ್ಕ ಮಾಡೋಣ. ಹಾಲನ್ನು ಲೀಟರಿನಲ್ಲಿ ಅಳೆಯುವಂತೆ ಆಹಾರದ ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಒಂದು ಕಿಲೋಮೀಟರ್ ಓಡಿದರೆ, ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೋ ತೂಗುವ ಅಣ್ಣ 3 ಕಿಲೋಮೀಟರ್ ಓಡಿದರೆ 180 ಕ್ಯಾಲೊರಿ ಆಯಿತು. ಅಂಗಡಿಯ ಸಿಹಿ ಪಾನೀಯದ 200 ಮಿಲಿಲೀಟರಿನ ಚಿಕ್ಕ ಬಾಟಲಿಯಲ್ಲಿ ಸಾಮಾನ್ಯವಾಗಿ ಇಪ್ಪತ್ತು ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಅದರಿಂದ ಬರುವುದು ಎಂಬತ್ತು ತೊಂಬತ್ತು ಕ್ಯಾಲೊರಿ. ಓಡಿ ಬಂದು ಅಂಥ ಎರಡು ಬಾಟಲಿ ಕುಡಿದರೆ ಓಡಿದ್ದೆಲ್ಲ ಅಲ್ಲಿಗೆ ಸರಿಹೋಯಿತು! ಮೇಲೆ ಹೊಟ್ಟೆಗೆ ಬೇರೆ ಏನೂ ಸಿಗಲಿಲ್ಲ.

ಆದ್ದರಿಂದ ಬಿಡಬೇಕಾದದ್ದು ಮುದ್ದೆಯನ್ನಲ್ಲ, ಬಾಟಲಿಯ ಪಾನೀಯವನ್ನು. ಸಾರನ್ನಲ್ಲ, ಪೊಟ್ಟಣದ ಕುರುಕಲು ತಿಂಡಿಯನ್ನು. ಮಂಡಕ್ಕಿ ಒಗ್ಗರಣೆಯ ಜೊತೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನಲೇಬೇಡಿರಿ ಎಂದು ಈ ಸೀಮೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ದಿನವೂ ಬೇಡ, ಎಂದಾದರೊಮ್ಮೆ ಒಂದು ತಿನ್ನಿರಿ. ಹಬ್ಬದ ಹೋಳಿಗೆಗೂ ಇದೇ ಮಾತು.

ಚೆನ್ನಾಗಿ ಉಂಡರೂ ಕೆಲವು ಮಕ್ಕಳು ಸ್ವಲ್ಪ ಓಡಿದೊಡನೆ ಏದುಸಿರು ಬಿಡುತ್ತಾರೆ. ಇದಕ್ಕೆ ರಕ್ತಹೀನತೆ ಕಾರಣವಾಗಿರಬಹುದು. ರಕ್ತವು ಆಮ್ಲಜನಕವನ್ನು ಹೊತ್ತೊಯ್ಯಲು ಕಬ್ಬಿಣದ ಅಂಶ ಬೇಕು. ಬರಿಗಾಲಿನಲ್ಲಿ ಕೊಳಕು ನೆಲದ ಮೇಲೆ ತಿರುಗಿದರೆ ಕೊಕ್ಕೆಹುಳು ಪಾದದ ಮೂಲಕ ಒಳಸೇರಿ, ಕರುಳಿನಲ್ಲಿ ನೆಲಸಿ ರಕ್ತ ಹೀರುತ್ತದೆ. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ಮತ್ತು ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕೆಲವರು ಗುಟ್ಟಾಗಿ ಬಿಸಾಡುವುದುಂಟು. ಓಡಬೇಕೆನ್ನುವವರು ಅದನ್ನು ನುಂಗಬೇಕು. ಸೊಪ್ಪಿನ ಪಲ್ಯದ ಮೇಲೆ ಒಂದಿಷ್ಟು ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಕಡಿಮೆ ಹತ್ತುತ್ತದೆ.

ಇನ್ನು ಹೊತ್ತಿನ ವಿಷಯ. ಮುದ್ದೆ ಉಂಡೊಡನೆ ಓಡಿದರೆ ಪಕ್ಕೆ ಹಿಡಿಯುತ್ತದೆ, ವಾಂತಿಯೂ ಆಗಬಹುದು. ದೊಡ್ಡ ಊಟವಾದರೆ ಓಟಕ್ಕೆ ಎರಡು ಮೂರು ಗಂಟೆ ಮೊದಲು ಮುಗಿದಿರಬೇಕು. ಪಂದ್ಯ ಬೆಳಗ್ಗೆ ಬೇಗನೆ ಇದ್ದರೆ ಒಂದು ಗಂಟೆ ಮೊದಲು ಒಂದು ಬಾಳೆಹಣ್ಣೋ ಒಂದು ಇಡ್ಲಿಯೋ ಒಂದು ಲೋಟ ರಾಗಿ ಗಂಜಿಯೋ ಸಾಕು. ನಮ್ಮ ಸೀಮೆಯ ಬಿಸಿಲು ಕಠಿಣ. ಬೇಸಗೆಯಲ್ಲಿ ಅಭ್ಯಾಸವನ್ನು ಸೂರ್ಯ ಮೇಲೇರುವ ಮುಂಚೆಯೇ ಮುಗಿಸಿರಿ. ಬಾಯಾರಿಕೆಯಾಗುವವರೆಗೂ ಕಾಯದೆ ಆಗಾಗ ನೀರು ಕುಡಿಯಿರಿ. ಓಟ ಮುಗಿದ ಮೇಲೆ ತಟ್ಟನೆ ಕುಳಿತುಬಿಡದೆ ಸ್ವಲ್ಪ ಹೊತ್ತು ಮೆಲ್ಲನೆ ನಡೆಯಿರಿ. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ, ಒಂದು ತುಂಡು ಚಿಕ್ಕಿ. ಮನೆಗೆ ಹೋದ ಮೇಲೆ ಹೊಟ್ಟೆ ತುಂಬ ಊಟ. ಖಾಲಿಯಾದ ಕಣಜ ನಾಳೆಯ ಓಟಕ್ಕೆ ಮತ್ತೆ ತುಂಬುವುದು ಆಗಲೇ.