ಎರಡಾಣೆಯಿಂದ ವೈದ್ಯಕೀಯ ಕಾಲೇಜಿನವರೆಗೆ

ಸಣ್ಣ ಊರುಗಳ ಅಂಗಡಿಬೀದಿಯಲ್ಲಿ ದಿನವೂ ಹಣ ಸಂಗ್ರಹಿಸುವ ಪಿಗ್ಮಿ ಏಜೆಂಟರನ್ನು ಎಲ್ಲರೂ ಬಲ್ಲರು. ಈ ಪದ್ಧತಿಯ ಹಿಂದೆ ಒಬ್ಬ ವೈದ್ಯರಿದ್ದರೆಂಬುದು ಹಲವರಿಗೆ ತಿಳಿದಿರಲಿಕ್ಕಿಲ್ಲ. ಅವರೇ ಡಾ. ಟಿ.ಎಂ.ಎ. ಪೈ.

1898ರ ಏಪ್ರಿಲ್ 30ರಂದು ಉಡುಪಿ ಬಳಿಯ ಕಲ್ಯಾಣಪುರದಲ್ಲಿ ಜನಿಸಿದ ಪೈಯವರು ಮದರಾಸಿನಲ್ಲಿ ವೈದ್ಯ ಪದವಿ ಪಡೆದು ತಮ್ಮ ಸೀಮೆಗೇ ಮರಳಿದರು. ಆಗ ಕರಾವಳಿಯ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು. ಅವರಿಗೆ ನೆರವಾಗಲೆಂದು 1925ರಲ್ಲಿ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರ ಜೊತೆಗೂಡಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಬ್ಯಾಂಕೊಂದನ್ನು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು.

ಪಿಗ್ಮಿ ಠೇವಣಿ ಶುರುವಾದದ್ದು 1928ರಲ್ಲಿ. ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಪಡೆಯುತ್ತಿದ್ದರು. ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ: ರೂಪಾಯಿಗೆ 16 ಆಣೆಯಂತೆ, ವರ್ಷಕ್ಕೆ 45 ರೂಪಾಯಿ 10 ಆಣೆ! ಕೂಲಿಯವನಿಗೆ ಒಂದೇ ಗಂಟಿನಲ್ಲಿ ಕೂಡಿಡಲಾಗದ ಮೊತ್ತವದು.

ಶಿಕ್ಷಣದಲ್ಲೂ ಅವರದು ಹೀಗೆಯೇ ಹಂತಹಂತದ ನಡೆ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತಲೆಯೆತ್ತಿದವು. ರೋಗಿಗಳಿಲ್ಲದೆ ವೈದ್ಯಶಿಕ್ಷಣ ಸಾಗದು. ಅದಕ್ಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಆಸರೆಯಾಯಿತು.

1972ರಲ್ಲಿ ಪದ್ಮಶ್ರೀ ಪಡೆದ ಪೈಯವರು 1979ರ ಮೇ 29ರಂದು ನಿಧನರಾದರು. ಇಂದು ಖಾಸಗಿ ವೈದ್ಯಕೀಯ ಕಾಲೇಜುಗಳ ಶುಲ್ಕ ಕೇಳಿದರೆ ಪೋಷಕರ ಎದೆ ಝಲ್ಲೆನ್ನುತ್ತದೆ. ಎರಡಾಣೆ ಉಳಿಸುವವನ ಮಗಳೂ ಡಾಕ್ಟರಾಗುವ ದಾರಿ ಯಾವುದು? ಪೈಯವರ ಬದುಕನ್ನು ಓದುವವರು ಈ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.