ಹೊಯ್ಸಳರ ಕಲ್ಲೇ ಒರೆಗಲ್ಲು: ಹಾಸನ ಸೀಮೆಯಲ್ಲಿ ಹಳೆಯ ಕ್ಯಾಮೆರಾಗಳ ಸಂಗ್ರಹ ಮತ್ತು ಪರೀಕ್ಷೆ

1854ರ ಡಿಸೆಂಬರ್ ತಿಂಗಳಿನಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೈನ್ಯದ ಅಧಿಕಾರಿಯಾಗಿ ಬೆಂಗಳೂರಿನಲ್ಲಿದ್ದ ಲಿನೀಯಸ್ ಟ್ರೈಪ್ ಎಂಬಾತನು, ಆಂಡ್ರೂ ನೀಲ್ ಎಂಬ ವೈದ್ಯನೊಡಗೂಡಿ, ಮರದ ದೊಡ್ಡ ಕ್ಯಾಮೆರಾ, ಮೇಣ ಹತ್ತಿಸಿದ ಕಾಗದ, ರಾಸಾಯನಿಕ ದ್ರವ್ಯಗಳು ಇವೆಲ್ಲವನ್ನೂ ಸಾಗಿಸಿಕೊಂಡು ಬೇಲೂರು ಹಳೇಬೀಡುಗಳಿಗೆ ಬಂದನು. ಛಾಯಾಗ್ರಹಣವೆಂಬ ವಿದ್ಯೆಯು ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾಗಿ ಆಗ ಹದಿನೈದೇ ವರ್ಷಗಳಾಗಿದ್ದುವು. ಆ ಯಾತ್ರೆಯಲ್ಲಿ ತೆಗೆದ ಚಿತ್ರಗಳು 1855ರ ಮದರಾಸು ಪ್ರದರ್ಶನದಲ್ಲಿ ತೀರ್ಪುಗಾರರ ಮೆಚ್ಚುಗೆಗೆ ಪಾತ್ರವಾದುವು. ಮುಂದೆ 1866ರಲ್ಲಿ ನೀಲ್, ಪಿಗೌ ಮತ್ತು ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳನ್ನೊಳಗೊಂಡು, ಸುರಪುರದ ಇತಿಹಾಸದಲ್ಲಿ ನಮಗೆ ಪರಿಚಿತನಾದ ಮೆಡೋಸ್ ಟೇಲರನ ಚಾರಿತ್ರಿಕ ವಿವರಣೆಯೊಡನೆಯೂ ಜೇಮ್ಸ್ ಫರ್ಗುಸನ್ನನ ವಾಸ್ತುವಿಚಾರದೊಡನೆಯೂ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಹೀಗೆ ಭರತಖಂಡದ ಛಾಯಾಗ್ರಹಣದ ಚರಿತ್ರೆಯು ಇನ್ನೂ ಬಾಲ್ಯಾವಸ್ಥೆಯಲ್ಲಿದ್ದಾಗಲೇ ಹಾಸನದ ಶಿಲೆಯು ಕ್ಯಾಮೆರಾದ ಮುಂದೆ ನಿಂತಿತ್ತು.

ಈ ಪೂರ್ವಕಥೆಯನ್ನು ಮೊದಲು ಹೇಳುವುದಕ್ಕೆ ಕಾರಣವುಂಟು. ಹಳೆಯ ಕ್ಯಾಮೆರಾಗಳನ್ನು ಕೂಡಿಸುವುದೆಂದರೆ ಗಾಜಿನ ಬೀರುವಿನಲ್ಲಿ ಹಿತ್ತಾಳೆಯ ಹೊಳಪನ್ನು ಸಾಲಾಗಿ ಜೋಡಿಸುವ ಶ್ರೀಮಂತರ ವಿನೋದವೆಂಬ ಭಾವನೆಯು ಅನೇಕರಲ್ಲಿದೆ. ನಿಜವಾದ ಸಂಗ್ರಾಹಕನಾದರೋ ಯಂತ್ರದ ವಯಸ್ಸನ್ನಾಗಲಿ ಅಪೂರ್ವತೆಯನ್ನಾಗಲಿ ಮಾತ್ರ ನೋಡಿ ತೃಪ್ತನಾಗುವವನಲ್ಲ. ಅದು ಇಂದಿಗೂ ಎಷ್ಟನ್ನು ಕಾಣಬಲ್ಲುದು, ಕಂಡುದನ್ನು ಎಷ್ಟು ನಿಷ್ಠೆಯಿಂದ ಹೇಳಬಲ್ಲುದು ಎಂಬುದನ್ನು ಫಿಲಂ ಹಾಕಿ, ಚಿತ್ರ ತೆಗೆದು, ತೊಳೆದು, ಪರಿಶೀಲಿಸಿದ ಮೇಲೆಯೇ ಅವನು ತೀರ್ಪನ್ನು ಕೊಡುತ್ತಾನೆ. ಅಂತಹ ಪರೀಕ್ಷೆಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಗಿಂತ ಉತ್ತಮವಾದ ಕ್ಷೇತ್ರವು ದೊರೆಯುವುದು ದುರ್ಲಭ.

ನಮ್ಮ ಕಡೆಯಲ್ಲಿ ದೊರೆಯುವ ಕ್ಯಾಮೆರಾಗಳಲ್ಲಿ ವಂಶದ ಹಿರಿಯನೆಂದರೆ ಸ್ಟುಡಿಯೋಗಳ ಮರದ ಕ್ಯಾಮೆರಾ. ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕರಿಯ ಬಟ್ಟೆಯನ್ನು ತಲೆಯ ಮೇಲೆ ಹೊದ್ದು, ಮಸುಕುಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಸರಿಪಡಿಸಿಕೊಳ್ಳಬೇಕಾದ ಈ ಯಂತ್ರವು ಮೊದಮೊದಲು ವಿಲಾಯಿತಿಯಿಂದ ಬರುತ್ತಿತ್ತು. 1940ರ ದಶಕದಿಂದ ಕೇರಳದ ಆಲಪ್ಪುಳದಲ್ಲಿ, ಸಂಗೀತವಾದ್ಯಗಳನ್ನು ದುರಸ್ತಿ ಮಾಡುತ್ತಿದ್ದ ಮನೆತನದ ಕೆ. ಕರುಣಾಕರನ್ ಎಂಬವರು ತಯಾರಿಸಿದ ‘ವಾಗೀಶ್ವರಿ’ ಕ್ಯಾಮೆರಾವು ದಕ್ಷಿಣದ ಊರೂರಿನ ಸ್ಟುಡಿಯೋಗಳಲ್ಲಿ ಮನೆಮಾತಾಯಿತು. ಮದುವೆಯ ಜೋಡಿ, ಶಾಲೆಯ ಬೀಳ್ಕೊಡುಗೆಯ ಗುಂಪು, ಮನೆಯ ಹಿರಿಯರ ಏಕಮಾತ್ರ ಭಾವಚಿತ್ರ, ಇವು ಇಂತಹ ಮರದ ಪೆಟ್ಟಿಗೆಗಳ ಮೂಲಕ ಹಾದು ಬಂದವುಗಳೇ.

ಅದರ ಅನಂತರದ ತಲೆಮಾರು ರೋಲ್ ಫಿಲಮ್ಮಿನದು. ಬರೋಡೆಯಲ್ಲಿ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್ 3’ ಎಂಬ ಪೆಟ್ಟಿಗೆಯಂತಹ ಕ್ಯಾಮೆರಾವು ಒಂದು ರೋಲಿಗೆ ಹನ್ನೆರಡು ಚೌಕಾಕಾರದ ಚಿತ್ರಗಳನ್ನು ಕೊಡುತ್ತಿತ್ತು. ಮಧ್ಯಮವರ್ಗದ ಮನೆಗೆ ಮೊದಲು ಪ್ರವೇಶಿಸಿದ ಕ್ಯಾಮೆರಾ ಅನೇಕ ಕಡೆ ಅದೇ. ಮೇಲಿನ ಕಣ್ಣಿನಿಂದ ನೋಡಿ ಕೆಳಗಿನ ಕಣ್ಣಿನಿಂದ ಚಿತ್ರ ತೆಗೆಯುವ ಜೋಡಿ ಲೆನ್ಸಿನ ಯಂತ್ರಗಳಲ್ಲಿ ಜರ್ಮನಿಯ ರೋಲಿಫ್ಲೆಕ್ಸ್ ಧನಿಕರದಾಗಿದ್ದರೆ, ಜಪಾನಿನ ‘ಯಾಷಿಕಾ ಮ್ಯಾಟ್ 124 ಜಿ’ ಮದುವೆಮನೆಗಳ ಛಾಯಾಗ್ರಾಹಕನ ನಂಬಿಕೆಯ ಒಡನಾಡಿಯಾಗಿತ್ತು. ಫಿಲಮ್ಮಿನ ವಿಷಯಕ್ಕೆ ಬಂದರೆ, ಪೂರ್ವ ಜರ್ಮನಿಯ ‘ಓರ್ವೊ’ ಮತ್ತು 1960ರಲ್ಲಿ ಊಟಿಯಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲಂಸ್ ಎಂಬ ಸರ್ಕಾರಿ ಕಾರ್ಖಾನೆಯ ‘ಇಂದು’ ಎಂಬ ಹೆಸರುಗಳನ್ನು ಹಳೆಯ ಸ್ಟುಡಿಯೋಗಳವರು ಇಂದಿಗೂ ಮರೆತಿಲ್ಲ.

ಹಳೆಯ ಕ್ಯಾಮೆರಾ ಕೈಗೆ ಬಂದ ಕೂಡಲೇ ಅದನ್ನು ಬಿಚ್ಚಲು ಹೊರಡುವುದು ತಪ್ಪು. ಮೊದಲು ಲೆನ್ಸಿನ ಒಂದು ಕಡೆಯಿಂದ ಸಣ್ಣ ಟಾರ್ಚನ್ನು ಹಿಡಿದು ಇನ್ನೊಂದು ಕಡೆಯಿಂದ ನೋಡಬೇಕು. ಸಕಲೇಶಪುರದತ್ತಣ ಮಲೆನಾಡಿನ ತೇವದಲ್ಲಿ ಬೆಳೆದ ಬೂಸ್ಟು ಜೇಡರ ಬಲೆಯಂತೆ ಅಲ್ಲಿ ಕಾಣಿಸೀತು. ಚನ್ನರಾಯಪಟ್ಟಣದ ಕಡೆಯ ಒಣಹವೆಯಲ್ಲಿ ಬೂಸ್ಟಿನ ಭಯ ಕಡಮೆಯಾದರೂ ಧೂಳಿನ ಕಾಟ ತಪ್ಪುವುದಿಲ್ಲ. ತರುವಾಯ ಶಟರನ್ನು ಒಂದೊಂದೇ ವೇಗಕ್ಕೆ ತಿರುಗಿಸಿ ಕಿವಿಗೊಟ್ಟು ಕೇಳಬೇಕು: ಒಳಗಿನ ಎಣ್ಣೆ ಗಟ್ಟಿಯಾಗಿದ್ದರೆ ಒಂದು ಸೆಕೆಂಡು, ಅರ್ಧ ಸೆಕೆಂಡುಗಳ ನಿಧಾನವೇಗಗಳು ಮೊದಲು ತೊದಲುತ್ತವೆ. ಮಡಿಸುವ ಕ್ಯಾಮೆರಾದ ತಿದಿಯನ್ನು ಪೂರ್ಣವಾಗಿ ಚಾಚಿ, ಕತ್ತಲೆಯ ಕೋಣೆಯಲ್ಲಿ ಅದರೊಳಗೆ ದೀಪವನ್ನಿಟ್ಟರೆ, ಮೂಲೆಮೂಲೆಗಳ ಸೂಜಿರಂಧ್ರಗಳು ಚುಕ್ಕೆಗಳಾಗಿ ಹೊಳೆದು ತಮ್ಮನ್ನು ತಾವೇ ತೋರಿಸಿಕೊಳ್ಳುತ್ತವೆ. ಮೊದಲ ರೋಲು ಅಗ್ಗದ್ದಾಗಿರಲಿ, ಆದರೆ ಹೊಸದಾಗಿರಲಿ. ಅವಧಿ ಮೀರಿದ ಫಿಲಂ ತಾನೇ ಮಂಕಾಗಿರುವುದರಿಂದ, ದೋಷವು ಯಂತ್ರದ್ದೋ ಫಿಲಮ್ಮಿನದೋ ಎಂಬುದು ನಿರ್ಣಯವಾಗದೆ ಹೋಗುತ್ತದೆ. ಪ್ರತಿಯೊಂದು ಚಿತ್ರಕ್ಕೂ ಶಟರಿನ ವೇಗ, ಲೆನ್ಸಿನ ದ್ವಾರದ ಅಳತೆ, ಹೊತ್ತು, ಬೆಳಕಿನ ದಿಕ್ಕು ಇವನ್ನು ಟಿಪ್ಪಣಿಯಲ್ಲಿ ಬರೆದಿಡದವನ ವಿಮರ್ಶೆಯು ಕೇವಲ ಅಭಿಪ್ರಾಯವಾಗಿ ಉಳಿಯುತ್ತದೆ.

ಇನ್ನು ಪರೀಕ್ಷೆಯ ಸ್ಥಳಗಳು. ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯಲ್ಲಿ ಆನೆ, ಸಿಂಹ, ಲತೆ, ಕುದುರೆ ಸವಾರರು, ಪುರಾಣಕಥೆ ಎಂದು ಒಂದರ ಮೇಲೊಂದು ಸಾಗುವ ಪಟ್ಟಿಕೆಗಳನ್ನು, ಬೆಳಗಿನ ಓರೆಬಿಸಿಲು ಬೀಳುವ ಹೊತ್ತಿನಲ್ಲಿ ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ನಿಲ್ಲಿಸಿ ತೆಗೆದು ನೋಡಿದರೆ, ಮೂರ್ತಿಗಳ ಕೊರಳ ಹಾರದ ಮಣಿಗಳು ಚಿತ್ರದ ನಡುವೆ ಬಿಡಿಬಿಡಿಯಾಗಿ ಕಂಡು ಅಂಚಿನಲ್ಲಿ ಕಲಸಿಹೋದುವೆ, ಅಥವಾ ಕೊನೆಯವರೆಗೂ ಸ್ಫುಟವಾಗಿಯೇ ನಿಂತುವೆ ಎಂಬುದರಿಂದ ಲೆನ್ಸಿನ ಯೋಗ್ಯತೆ ತಿಳಿದುಹೋಗುತ್ತದೆ. ಒಳಗಿನ ನವರಂಗದ ಕಡೆದ ಕಂಬಗಳು ಮಂದಬೆಳಕಿನಲ್ಲಿ ನಿಧಾನವೇಗದ ಶಟರನ್ನು ಒರೆಗೆ ಹಚ್ಚುತ್ತವೆ. ಆದರೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ಬಳಸುವುದಕ್ಕೆ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಹಾಸನಕ್ಕೆ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಚತುಷ್ಕೂಟ ದೇವಾಲಯದಲ್ಲಿ ಮೂರ್ತಿಶಿಲ್ಪದ ಸಮೃದ್ಧಿಗಿಂತ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳ ರೇಖೆಗಳೇ ಪ್ರಧಾನವಾಗಿರುವುದರಿಂದ, ಲೆನ್ಸು ನೇರವಾದ ಗೆರೆಯನ್ನು ಬಾಗಿಸುವುದೋ ಇಲ್ಲವೋ ಎಂಬುದನ್ನು ಅಲ್ಲಿ ನಿಸ್ಸಂದೇಹವಾಗಿ ಅರಿಯಬಹುದು.

ನೀರಿನ ಪರೀಕ್ಷೆ ಬೇರೆಯೇ. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಲೆನ್ಸುಗಳಿಗೆ ಪ್ರತಿಫಲನವನ್ನು ತಡೆಯುವ ಲೇಪವಿರುವುದು ವಿರಳ. ಹೊಳೆನರಸೀಪುರದಲ್ಲಿ ಹೇಮಾವತಿಯ ಮೇಲೆ ಇಳಿಬಿಸಿಲು ಥಳಥಳಿಸುವಾಗ ಅಂತಹ ಲೆನ್ಸನ್ನು ಹೊಳೆಯತ್ತ ತಿರುಗಿಸಿದರೆ ಚಿತ್ರವೆಲ್ಲ ಬೆಳ್ಳಗಿನ ಮುಸುಕನ್ನು ಹೊದ್ದು ಬರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಭಕ್ತರು ಕಾಪಾಡಿಕೊಂಡು ಬಂದಿರುವ ಕಾವೇರಿಯ ಮೀನುಗಳು ಪುರಿಗಾಗಿ ಮುಗಿಬೀಳುವಾಗ ಚಿಮ್ಮುವ ನೀರು, ಶಟರಿನ ಮೇಲೆ ಕೆತ್ತಿರುವ ಶೀಘ್ರವೇಗಗಳು ನಿಜವೋ ಸುಳ್ಳೋ ಎಂಬುದನ್ನು ಹೇಳಿಬಿಡುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನಾದರೋ ಫಿಲಮ್ಮಿನ ಪರೀಕ್ಷಕ: ನಡುಹಗಲಿನ ಬಿಸಿಲಿನಲ್ಲಿ ಹೊಳೆಯುವ ಆ ಏಕಶಿಲೆಯ ಭುಜವೂ, ಗಲ್ಲದ ಕೆಳಗಿನ ನೆರಳೂ ಎರಡೂ ಒಂದೇ ಚಿತ್ರದಲ್ಲಿ ತಮ್ಮ ವಿವರಗಳನ್ನು ಉಳಿಸಿಕೊಂಡು ಬಂದರೆ, ಆ ಫಿಲಂ ಒಳ್ಳೆಯದು, ತೊಳೆದ ಕೈಯೂ ಒಳ್ಳೆಯದು.

ಬಾಹುಬಲಿಯ ಮಹಾಮಸ್ತಕಾಭಿಷೇಕಗಳನ್ನು ಅನುಕ್ರಮವಾಗಿ ನೆನೆದರೆ ಕ್ಯಾಮೆರಾದ ಚರಿತ್ರೆಯೇ ಕಣ್ಮುಂದೆ ಬರುತ್ತದೆ. 1981ರಲ್ಲಿಯೂ 1993ರಲ್ಲಿಯೂ ಬೆಟ್ಟವೇರಿದ ಕ್ಯಾಮೆರಾಗಳು ಫಿಲಮ್ಮಿನವು. 2006ರ ಹೊತ್ತಿಗೆ ಡಿಜಿಟಲ್ ಯಂತ್ರಗಳು ಅವುಗಳ ಪಕ್ಕಕ್ಕೆ ಬಂದು ನಿಂತಿದ್ದುವು. 2018ರಲ್ಲಿ ಅಭಿಷೇಕವನ್ನು ಜನ ಕೈಯೆತ್ತಿ ಹಿಡಿದ ಮೊಬೈಲುಗಳಲ್ಲಿ ಸೆರೆಹಿಡಿದರು. ನಡುವೆ 2012ರಲ್ಲಿ ಕೊಡಾಕ್ ಸಂಸ್ಥೆಯೇ ದಿವಾಳಿಯ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆದರೂ ಕೊಡಾಕಿನ ಟ್ರೈ-ಎಕ್ಸ್, ಇಂಗ್ಲೆಂಡಿನ ಇಲ್ಫರ್ಡ್ ಎಚ್‌ಪಿ 5 ಮೊದಲಾದ ಕಪ್ಪು ಬಿಳುಪು ಫಿಲಮ್ಮುಗಳು ಇಂದಿಗೂ ತಯಾರಾಗುತ್ತಿವೆ. ಮನೆಯ ಕತ್ತಲೆಕೋಣೆಯಲ್ಲಿ ಡೆವಲಪರ್ ಮತ್ತು ಹೈಪೋ ದ್ರಾವಣಗಳಿಂದ ಅವನ್ನು ತೊಳೆಯುವುದು ಶ್ರದ್ಧೆಯುಳ್ಳ ಯಾರಿಗೂ ಅಸಾಧ್ಯವಲ್ಲ.

ಆದರೆ ಕ್ಯಾಮೆರಾ ಉಳಿದು ಅದು ತೆಗೆದ ನೆಗೆಟಿವ್‌ಗಳು ನಾಶವಾದರೆ ಸಂಗ್ರಹವು ಅರ್ಧವೇ ಆದೀತು. ಮುಚ್ಚಿದ ಸ್ಟುಡಿಯೋಗಳ ಅಟ್ಟಗಳಲ್ಲಿ, ಹಳೆಯ ಮನೆಗಳ ಟ್ರಂಕುಗಳಲ್ಲಿ, ಪೆನ್ಸಿಲಿನಿಂದ ಮುಖದ ಕಲೆಗಳನ್ನು ಟಚಿಂಗ್ ಮಾಡಿದ ಗಾಜಿನ ಪ್ಲೇಟುಗಳೂ, ವಿನೆಗರಿನ ಹುಳಿವಾಸನೆಯನ್ನು ಬೀರುತ್ತ ಮುದುಡತೊಡಗಿರುವ ಫಿಲಮ್ಮುಗಳೂ ಇರಬಹುದು; ಆ ಹುಳಿವಾಸನೆಯೇ ಫಿಲಂ ಕೊಳೆಯುತ್ತಿರುವುದರ ಲಕ್ಷಣ, ಅಂಥವನ್ನು ಉಳಿದವುಗಳಿಂದ ತಕ್ಷಣ ಬೇರ್ಪಡಿಸಬೇಕು. ಆದುದರಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಛಾಯಾಗ್ರಾಹಕರ ಮನೆಯವರಲ್ಲಿ ಒಂದು ಬಿನ್ನಹ: ಆ ಪೆಟ್ಟಿಗೆಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿರಿ. ಚಿತ್ರದಲ್ಲಿರುವವರು ಯಾರು, ಊರು ಯಾವುದು, ವರ್ಷ ಯಾವುದು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಲಕೋಟೆಯ ಮೇಲೆ ಬರೆದಿಡಿರಿ. ಕ್ಯಾಮೆರಾವನ್ನು ಅದನ್ನು ನಡೆಸಬಲ್ಲವರ ಕೈಗೆ ಕೊಡಿರಿ. ಶಿಲೆಯ ಮೇಲಿನ ಹಾಸನದ ಚರಿತ್ರೆಗೆ ಕಾವಲುಗಾರರಿದ್ದಾರೆ; ನೆಗೆಟಿವ್‌ಗಳ ಮೇಲಿನ ಹಾಸನದ ಚರಿತ್ರೆಗೆ ಅದನ್ನು ಮನೆಯಲ್ಲಿ ಇಟ್ಟುಕೊಂಡವರೇ ಕಾವಲುಗಾರರು.