ಇಂದ್ರಾಳಿಯಿಂದ ಅಜ್ಜರಕಾಡಿಗೆ

ಉಡುಪಿಯ ರೈಲು ನಿಲ್ದಾಣ ಪೇಟೆಯಿಂದ ತುಸು ದೂರ, ಇಂದ್ರಾಳಿಯಲ್ಲಿದೆ. ರಾತ್ರಿ ಬಂದಿಳಿದವರಿಗೆ ಅದೊಂದು ತೊಂದರೆ. ಆದರೆ ಆಟ, ನಾಟಕದ ಹುಚ್ಚಿನಿಂದ ಬಂದವರು ಇಲ್ಲಿಂದಲೇ ನಡೆಯಲು ತೊಡಗಬಹುದು. ಯಕ್ಷಗಾನ ಕೇಂದ್ರ ಇರುವುದು ಇಂದ್ರಾಳಿಯಲ್ಲೇ.

ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ 1970ರ ದಶಕದ ಆರಂಭದಲ್ಲಿ ಹುಟ್ಟಿದ ಕೇಂದ್ರವಿದು. ಶಿವರಾಮ ಕಾರಂತರು ಯಕ್ಷಗಾನದ ಬಡಗುತಿಟ್ಟು ಶೈಲಿಯ ವೇಷ, ಕುಣಿತ, ಹಾಡುಗಾರಿಕೆಯನ್ನು ಮತ್ತೆ ಕೂಡಿಸಿ ನೋಡಿದ್ದು, ಪಿಟೀಲು ಮತ್ತು ಸ್ಯಾಕ್ಸೊಫೋನನ್ನು ಹಿಮ್ಮೇಳಕ್ಕೆ ತಂದು ಸಂಪ್ರದಾಯಸ್ಥರ ಜೊತೆ ಜಗಳ ಕಟ್ಟಿಕೊಂಡದ್ದು ಇಲ್ಲಿನ ಕಲಾವಿದರನ್ನು ಇಟ್ಟುಕೊಂಡೇ. ಆ ಜಗಳ ಇನ್ನೂ ಮುಗಿದಿಲ್ಲ. ಒಳಗೆ ಹೋದರೆ ಗುರುಕುಲದ ಕ್ರಮ: ಹುಡುಗರು ಇಲ್ಲೇ ಉಂಡು, ಮಲಗಿ, ಹಗಲು ಶಾಲೆಗೆ ಹೋಗಿ, ಉಳಿದ ಹೊತ್ತಿನಲ್ಲಿ ಹೆಜ್ಜೆ, ತಾಳ, ಮದ್ದಳೆ ಕಲಿಯುತ್ತಾರೆ. ಗುರು ಬನ್ನಂಜೆ ಸಂಜೀವ ಸುವರ್ಣರ ಕೈಯಲ್ಲಿ ಪಳಗಿದವರು ಮೇಳಗಳಲ್ಲಷ್ಟೇ ಅಲ್ಲ, ಆಧುನಿಕ ನಾಟಕಗಳಲ್ಲೂ ಸಿಗುತ್ತಾರೆ. ಸಣ್ಣ ಊರಿನ ಅನುಕೂಲವೇ ಇದು. ಗೆಜ್ಜೆ ಕಟ್ಟುವವರೂ ನಾಟಕ ಮಾಡುವವರೂ ಒಂದೇ ಹೋಟೆಲಿನಲ್ಲಿ ಚಾ ಕುಡಿಯುತ್ತಾರೆ.

ಇಳಿಜಾರಿನಲ್ಲಿ ಪಶ್ಚಿಮಕ್ಕೆ ಬಂದರೆ ಕುಂಜಿಬೆಟ್ಟು, ಎಂ.ಜಿ.ಎಂ. ಕಾಲೇಜು. 1949ರಲ್ಲಿ ಶುರುವಾದ ಈ ಕಾಲೇಜಿನ ಪ್ರಾಂಶುಪಾಲರಾಗಿದ್ದವರೂ ಅದೇ ಹರಿದಾಸ ಭಟ್ಟರು. ಪರೀಕ್ಷೆಯ ಫಲಿತಾಂಶಕ್ಕಿಂತ ಹೆಚ್ಚಿನದಕ್ಕೆ ಕಾಲೇಜು ಬೇಕಾಗುತ್ತದೆ ಎಂದು ಅರಿತಿದ್ದ ಪ್ರಾಂಶುಪಾಲರು ಎಂದೇ ನನಗನಿಸುವುದು. ಬಯಲು ರಂಗಮಂದಿರಕ್ಕೆ ಇಲ್ಲಿ ಕವಿ ಮುದ್ದಣನ ಹೆಸರು. ನಂದಳಿಕೆಯಿಂದ ಬಂದು ಇದೇ ಉಡುಪಿಯಲ್ಲಿ ಡ್ರಿಲ್ ಮಾಸ್ತರಿಕೆ ಮಾಡುತ್ತ ಯಕ್ಷಗಾನ ಪ್ರಸಂಗ ಬರೆದು, 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆತನಿಗೆ ಮೂವತ್ತೊಂದೋ ಮೂವತ್ತೆರಡೋ ವರ್ಷ. ಹೊಟ್ಟೆಪಾಡಿಗೆ ಒಂದು ಕೆಲಸ, ಸಂಜೆಗೆ ಇನ್ನೊಂದು. ಈ ಊರಿನ ಕಲಾವಿದರ ಜಾಯಮಾನವನ್ನು ಬಲ್ಲವರಿಗೆ ಆ ಹೆಸರು ಬಹಳ ಸರಿಯಾದದ್ದು ಅನ್ನಿಸೀತು.

1965ರಲ್ಲಿ ಕುತ್ಪಾಡಿ ಆನಂದ ಗಾಣಿಗರು ಕಟ್ಟಿದ 'ರಂಗಭೂಮಿ' ಸಂಸ್ಥೆಯೂ ಇಂಥ ಹವ್ಯಾಸಿಗಳದ್ದೇ. ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ ಉಡುಪಿಯಲ್ಲಿ ಹುಟ್ಟಿದವು. ತಿಂಗಳ ಸಂಬಳ, ಸಂಜೆಯ ಬಿಡುವು, ಲೆಕ್ಕ ಇಡುವ ಅಭ್ಯಾಸ ಇವು ಮೂರೂ ಇದ್ದ ಒಂದು ವರ್ಗ ಇಲ್ಲಿ ಬೆಳೆಯಿತು. ಬ್ಯಾಂಕಿನವರು ಮತ್ತು ಮೇಷ್ಟ್ರುಗಳು ಇಲ್ಲದಿದ್ದರೆ ಕರಾವಳಿಯ ಹವ್ಯಾಸಿ ನಾಟಕ ಇಷ್ಟು ಕಾಲ ಬಾಳುತ್ತಿತ್ತೇ ಎಂಬ ಅನುಮಾನ ನನಗಿದೆ. ರಂಗಭೂಮಿ ವರ್ಷವರ್ಷವೂ ನಡೆಸುವ ರಾಜ್ಯಮಟ್ಟದ ನಾಟಕ ಸ್ಪರ್ಧೆಗೆ ದೂರದ ಊರುಗಳಿಂದ ತಂಡಗಳು ಬರುತ್ತವೆ. ಸ್ಪರ್ಧೆ ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಸಾಲಾಗಿ ಹಲವು ದಿನ ಬೇರೆಯವರ ನಾಟಕ ನೋಡುವ ಅವಕಾಶ ಸಣ್ಣ ಊರಿಗೆ ಬೇರೆ ಯಾವ ದಾರಿಯಿಂದ ಸಿಗಬೇಕು?

ಕಡಿಯಾಳಿ, ಕಲ್ಸಂಕ ದಾಟಿ ಕೃಷ್ಣಮಠದ ಕಡೆ ತಿರುಗಿದರೆ ವಾಹನ ನಿಲುಗಡೆಯ ಬಳಿ ರಾಜಾಂಗಣ. ರಥಬೀದಿಯ ಸುತ್ತ ಭಕ್ತರು, ಪ್ರವಾಸಿಗರು, ಮಲ್ಲಿಗೆ ಮಾರುವವರು. ರಾಜಾಂಗಣದಲ್ಲಿ ಇವತ್ತು ಸಂಗೀತ, ನಾಳೆ ಭರತನಾಟ್ಯ, ಮರುದಿನ ತಾಳಮದ್ದಳೆ. ಯಕ್ಷಗಾನ ಕಲಿತ ಪ್ರೌಢಶಾಲೆಗಳ ಮಕ್ಕಳು ಬಣ್ಣ ಹಚ್ಚಿ ಬಂದು ಪ್ರಸಂಗ ಆಡುವುದೂ ಇಲ್ಲೇ. ಹುಡುಗಿಯರೂ ಸಾಕಷ್ಟಿರುತ್ತಾರೆ. ಹಿಂದೆ ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಲೆಯಲ್ಲಿ ಈಗ ಬಾಲಕಿಯೊಬ್ಬಳು ತಲೆಗೆ ಕೇದಗೆ ಮುಂದಲೆ ಕಟ್ಟಿಕೊಂಡು ಯುದ್ಧಕ್ಕೆ ಕರೆಯುತ್ತಾಳೆ. ಇವರಲ್ಲಿ ಎಷ್ಟು ಜನ ಮುಂದೆ ಮೇಳ ಸೇರುತ್ತಾರೆ ಎಂದು ಕೇಳುವುದು ದಡ್ಡತನ. ಒಬ್ಬರೂ ಸೇರದಿದ್ದರೂ ಭಾಗವತರು ಎಲ್ಲಿ ತಾಳ ತಪ್ಪಿದರು ಎಂದು ಬಲ್ಲ ಪ್ರೇಕ್ಷಕರು ತಯಾರಾಗುತ್ತಾರೆ.

ಮಕ್ಕಳ ಈ ಆಟಗಳ ಹಿಂದಿರುವ ಯಕ್ಷಗಾನ ಕಲಾರಂಗ 1975ರ ಸಂಸ್ಥೆ. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬಹಳಷ್ಟು ಕಲಾಸಂಘಗಳು ಕಾರ್ಯಕ್ರಮ ಮಾಡುತ್ತವೆ; ಇದು ಕಲಾವಿದನ ಸಂಸಾರಕ್ಕೂ ಕೈ ಹಾಕಿತು. ಮಳೆಗಾಲಕ್ಕೆ ಮುಂಚೆ, ಪತ್ತನಾಜೆಯ ದಿನ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಅಲ್ಲಿಂದ ದೀಪಾವಳಿಯವರೆಗೆ, ಜಡಿಮಳೆಯ ತಿಂಗಳುಗಳಲ್ಲಿ, ವೇಷಧಾರಿ ಬದುಕುವುದು ಹೇಗೆ? ಕೆಲವರು ಚಿಕ್ಕಮೇಳ ಕಟ್ಟಿ ಮನೆಮನೆಗೆ ಹೋಗುತ್ತಾರೆ, ಕೆಲವರು ಬೇಸಾಯಕ್ಕೆ ಮರಳುತ್ತಾರೆ. ಕಾಯಿಲೆ ಬಿದ್ದರೆ, ಮಕ್ಕಳ ಶಾಲೆಯ ಖರ್ಚು ಬಂದರೆ, ಮನೆ ಸೋರಿದರೆ? ಕಲಾರಂಗದ ಯಕ್ಷನಿಧಿ ಯೋಜನೆ ಈ ಪ್ರಶ್ನೆಗಳಿಂದ ಹೊರಟಿತು. ಮನೆ ಕಟ್ಟಿಸಿಕೊಡುವವರೆಗೆ ಕೆಲಸ ಬೆಳೆದಿದೆ. ಸನ್ಮಾನದ ಶಾಲಿಗಿಂತ ಇದು ಎಷ್ಟೋ ಮೇಲು.

ಶಾಲಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಉಡುಪಿಯಲ್ಲಿ ನಾಟಕಕ್ಕೆ ಹೋಗುವವರು ಮೊದಲು ಸಭಾ ಕಾರ್ಯಕ್ರಮವನ್ನು ದಾಟಬೇಕು. ಸ್ವಾಗತ, ಪ್ರಸ್ತಾವನೆ, ದೀಪ, ಅತಿಥಿಗಳ ನಾಲ್ಕು ಮಾತು (ಅದು ನಾಲ್ಕೇ ಆಗಿದ್ದನ್ನು ನಾನಂತೂ ಕೇಳಿಲ್ಲ), ಹಾರ, ಹಣ್ಣು, ಧನ್ಯವಾದ. ಅಷ್ಟರಲ್ಲಿ ನಟರ ಬಣ್ಣ ಒಣಗಿರುತ್ತದೆ. ಇದನ್ನು ಬರೇ ಭಾಷಣದ ಚಟ ಎನ್ನಲಾಗದು. ಹೆಚ್ಚಿನ ನಾಟಕಗಳಿಗೆ ಇಲ್ಲಿ ಟಿಕೆಟ್ ಇಲ್ಲ. ಹಣ ಕೊಟ್ಟವರು ಆ ವೇದಿಕೆಯ ಮೇಲಿದ್ದಾರೆ.

ಹರಕೆ ಆಟದ ಲೆಕ್ಕವೇ ಇದು. ಮಂದಾರ್ತಿ ದೇವಿಗೋ ಕಟೀಲು ದೇವಿಗೋ ಹರಕೆ ಹೊತ್ತವರು ಆ ದೇವಸ್ಥಾನದ ಮೇಳಕ್ಕೆ ಹಣ ಕಟ್ಟುತ್ತಾರೆ, ಊರಿಗೆ ಊರೇ ಪುಕ್ಕಟೆ ಕೂತು ನೋಡುತ್ತದೆ. ಡೇರೆ ಹಾಕಿ ಟಿಕೆಟ್ ಹರಿಯುವ ಮೇಳಗಳೂ ಈ ಕರಾವಳಿಯಲ್ಲಿ ತಿರುಗಿವೆ. ಹವ್ಯಾಸಿ ನಾಟಕ ಮಾತ್ರ ಹರಕೆಯ ದಾರಿಯನ್ನೇ ಹಿಡಿಯಿತು. ಬಾಗಿಲಲ್ಲಿ ಯಾರನ್ನೂ ತಡೆಯದ್ದರಿಂದ ಮೀನು ಮಾರುವವರೂ ಪ್ರಾಧ್ಯಾಪಕರೂ ಒಟ್ಟಿಗೆ ಕುಳಿತರು, ಊರಿಗೆ ನೋಡುವ ಕಣ್ಣು ಬಂತು. ಆದರೆ ದಾನಿಗಳಿಗೆ ಮುಜುಗರವಾಗುವ ನಾಟಕವನ್ನು ಎತ್ತಿಕೊಳ್ಳುವ ಮೊದಲು ತಂಡ ಎರಡು ಸಲ ಯೋಚಿಸುತ್ತದೆ. ನಟನಿಗೆ ಕೈಗೆ ಬರುವುದು ಊಟ, ಬಸ್ಸಿನ ಖರ್ಚು.

ಮಠದಿಂದ ಹೊರಟು ಜೋಡುಕಟ್ಟೆಯ ಕಡೆಯಿಂದ ಅಜ್ಜರಕಾಡಿನ ಭುಜಂಗ ಪಾರ್ಕಿಗೆ ಬರುವಷ್ಟರಲ್ಲಿ ಬೆವರು ಇಳಿಯುತ್ತದೆ. ಇಲ್ಲಿನ ಬಯಲು ರಂಗಮಂದಿರದಲ್ಲಿ ಕೊಡವೂರಿನ ಸುಮನಸಾ ತಂಡ ರಂಗಹಬ್ಬ ನಡೆಸುತ್ತದೆ. ಮಲ್ಪೆ ಬಂದರಿನ ಪಕ್ಕದ ಊರಿನವರು ಇವರು. ತುಳು, ಕನ್ನಡ ಎರಡರಲ್ಲೂ ಆಡುತ್ತಾರೆ, ಜಾನಪದ ಕುಣಿತವನ್ನೂ ಬಲ್ಲರು. ಪಾರ್ಕಿಗೆ ಗಾಳಿ ಸೇವನೆಗೆ ಬಂದವರು ನಾಟಕ ಶುರುವಾದರೆ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಬೇಸರವಾದರೆ ಎದ್ದು ಹೋಗುತ್ತಾರೆ, ಕಾಸು ಕೊಟ್ಟಿಲ್ಲವಲ್ಲ. ಅವರನ್ನು ಕೊನೆಯ ದೃಶ್ಯದವರೆಗೆ ಕೂರಿಸುವುದು ಸುಲಭದ ಕೆಲಸವೇನಲ್ಲ, ತಂಡ ಪಳಗುವುದೂ ಅದರಿಂದಲೇ. ಹಾಗಿದ್ದರೂ ಹಬ್ಬದ ಒಂದು ದಿನವಾದರೂ ಐವತ್ತು ರೂಪಾಯಿಯ ಟಿಕೆಟ್ ಇಟ್ಟು, ಸಭೆಯನ್ನು ಕೈಬಿಟ್ಟು, ಬಂದ ಹಣವನ್ನು ನಟರಿಗೆ ಹಂಚಿ ನೋಡಬೇಕು. ಮೆಟ್ಟಿಲು ಅರ್ಧ ಖಾಲಿಯಾದರೂ ಆಗಲಿ, ಟಿಕೆಟ್ ಕೊಂಡು ಬರುವವರು ಯಾರು ಎಂದು ತಂಡಕ್ಕೆ ತಿಳಿಯುತ್ತದೆ.